ಒಂದೇ ಹಾಡು, ಹಲವು ಕಂಠ: ಸಂಡೂರು ಸೀಮೆಯ ಧ್ವನಿಮುದ್ರಣ ಸಂಗ್ರಾಹಕರಿಗೆ ಬಹಿರಂಗ ಪತ್ರ

ಸಂಡೂರು, ಹೊಸಪೇಟೆ, ಹಂಪಿ, ಕಂಪ್ಲಿ ಸೀಮೆಯಲ್ಲಿ ಹಳೆಯ ಗ್ರಾಮಫೋನ್ ತಟ್ಟೆ, ಟೇಪು, ಕ್ಯಾಸೆಟ್ಟುಗಳನ್ನು ಕಾಪಾಡಿಕೊಂಡು ಬಂದಿರುವ ಸಂಗ್ರಾಹಕರಿಗೆ, ಹಾಡಿಕೆಯ ಮನೆತನಗಳಿಗೆ, ಭಜನಾ ಮಂಡಳಿಗಳ ಹಿರಿಯರಿಗೆ.

ಮಾನ್ಯರೇ,

ಧ್ವನಿಮುದ್ರಣವೊಂದು ಎರಡು ಬಗೆಯಲ್ಲಿ ಅಪರೂಪವಾಗುತ್ತದೆ. ತಟ್ಟೆಯ ಪ್ರತಿಗಳು ಒಡೆದು, ಕಳೆದು, ಗುಜರಿಗೆ ಹೋಗಿ ಬೆರಳೆಣಿಕೆಗೆ ಇಳಿಯುವುದು ಒಂದು ಬಗೆ. ಅದರಲ್ಲಿರುವ ಹಾಡಿನ ರೀತಿಯೇ ಬೇರೆಲ್ಲಿಯೂ ಕೇಳಸಿಗದಂತಾಗುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ಪೇಟೆಯಲ್ಲಿ ಬೆಲೆ ಕಟ್ಟುವವರಿದ್ದಾರೆ. ಎರಡನೆಯದರ ಬೆಲೆ ತಿಳಿಯಬೇಕಾದರೆ ಅದೇ ಹಾಡಿನ ಇತರ ಹಾಡಿಕೆಗಳನ್ನು ಪಕ್ಕದಲ್ಲಿಟ್ಟುಕೊಂಡು ಕೇಳಬೇಕು. ಈ ಸೀಮೆಯ ಮನೆಗಳ ಟ್ರಂಕು, ಅಟ್ಟ, ಗೋಡೆಗೂಡುಗಳಲ್ಲಿ ಉಳಿದಿರುವ ಸಂಪತ್ತು ಬಹುಪಾಲು ಈ ಎರಡನೆಯ ಬಗೆಯದು. ಅದನ್ನು ಒಬ್ಬೊಬ್ಬರೇ ಕಾಯುವುದರ ಬದಲು ಒಟ್ಟಿಗೆ ಕುಳಿತು ಹೋಲಿಸಿ ಕೇಳಬೇಕು, ಹಾಗೆ ಹೋಲಿಸುವಾಗ ಒಂದನ್ನು ಗೆಲ್ಲಿಸಿ ಉಳಿದವನ್ನು ಬಿಸುಡಬಾರದು ಎಂಬುದೇ ಈ ಪತ್ರದ ಬಿನ್ನಹ.

ತಟ್ಟೆ ಸಂಗ್ರಹದ ಹವ್ಯಾಸವು ಯಾವ ಎತ್ತರಕ್ಕೆ ಏರಬಲ್ಲದು, ಎಲ್ಲಿ ದಾರಿ ತಪ್ಪಬಲ್ಲದು ಎಂಬುದಕ್ಕೆ ದೂರದ ಒಂದು ನಿದರ್ಶನವಿದೆ. ಅಮೆರಿಕದ ಕಪ್ಪು ಜನರ ಚರ್ಚುಗಳ ಹಾಡುಗಾರಿಕೆಯೂ ರಿದಮ್ ಆ್ಯಂಡ್ ಬ್ಲೂಸ್ ಎಂಬ ಜನಪ್ರಿಯ ಸಂಗೀತವೂ ಬೆರೆತು 1950–60ರ ದಶಕಗಳಲ್ಲಿ ರೂಪುಗೊಂಡ ಗಾಯನಕ್ಕೆ ಸೋಲ್ ಎಂದು ಹೆಸರು. ಅಲ್ಲಿ ಮಾರಾಟವಾಗದೆ ಉಳಿದ ಸೋಲ್ ತಟ್ಟೆಗಳನ್ನು ಇಂಗ್ಲೆಂಡಿನ ಉತ್ತರ ಭಾಗದ ಕಾರ್ಖಾನೆ ಪಟ್ಟಣಗಳ ಯುವಕರು ಹುಡುಕಿ ತರಿಸಿ, ರಾತ್ರಿಯಿಡೀ ಅವುಗಳಿಗೆ ಕುಣಿಯುವ ಒಂದು ಸಂಪ್ರದಾಯವನ್ನೇ ಬೆಳೆಸಿದರು. 1973ರಿಂದ 1981ರವರೆಗೆ ನಡೆದ ವಿಗನ್ ಕಸೀನೋ ಅದರ ದೊಡ್ಡ ಕೇಂದ್ರವಾಗಿತ್ತು. ಮರೆತುಹೋಗಿದ್ದ ಎಷ್ಟೋ ಗಾಯಕರಿಗೆ ಆ ಸಂಗ್ರಾಹಕರಿಂದ ಮರುಜನ್ಮ ದೊರೆಯಿತು. ಆದರೆ ಅದೇ ವಲಯದಲ್ಲಿ, ತನ್ನ ಬಳಿಯಿರುವ ಹಾಡು ಇನ್ನೊಬ್ಬರಿಗೆ ಸಿಗಬಾರದೆಂದು ತಟ್ಟೆಯ ಲೇಬಲ್ಲಿನ ಮೇಲೆ ಕಾಗದ ಅಂಟಿಸಿ, ಗಾಯಕನಿಗೆ ಸುಳ್ಳು ಹೆಸರು ಕೊಟ್ಟು ನುಡಿಸುವ ಪದ್ಧತಿಯೂ ಬೆಳೆಯಿತು. ಫ್ರ್ಯಾಂಕ್ ವಿಲ್ಸನ್ 1965ರಲ್ಲಿ ಮೋಟೌನ್ ಕಂಪನಿಗೆ ಹಾಡಿದ, ಮಾರುಕಟ್ಟೆಗೆ ಬರದೆಯೇ ನಿಂತುಹೋದ ಒಂದು ತಟ್ಟೆಯ ಪ್ರತಿ 2009ರಲ್ಲಿ 25 ಸಾವಿರ ಪೌಂಡುಗಳಿಗೂ ಮೀರಿದ ಬೆಲೆಗೆ ಹೋಯಿತು.

ಸೋಲ್ ಸಂಗ್ರಾಹಕರಿಂದ ಕಲಿಯಬೇಕಾದದ್ದು ಈ ಬೆಲೆಯ ಲೆಕ್ಕಕ್ಕಿಂತ ಅವರ ಕಿವಿಯ ಶಿಸ್ತು. ಓಟಿಸ್ ರೆಡಿಂಗ್ 1965ರಲ್ಲಿ ಬರೆದು ಹಾಡಿದ ‘ರೆಸ್ಪೆಕ್ಟ್’ ಎಂಬ ಹಾಡಿನಲ್ಲಿ ದುಡಿದು ಮನೆಗೆ ಬಂದ ಗಂಡಸು ಮರ್ಯಾದೆ ಕೇಳುತ್ತಾನೆ. 1967ರಲ್ಲಿ ಅರೀಥಾ ಫ್ರ್ಯಾಂಕ್ಲಿನ್ ಅದನ್ನೇ ಕೈಗೆತ್ತಿಕೊಂಡು ಕೆಲವು ಮಾತುಗಳನ್ನು ಸೇರಿಸಿ ಹಾಡಿದಾಗ ಕೇಳುವವಳು ಹೆಂಗಸಾಗಿ, ಹಾಡಿನ ಅರ್ಥವೇ ತಿರುಗಿ ನಿಂತಿತು. ‘ಐ ಹರ್ಡ್ ಇಟ್ ಥ್ರೂ ದಿ ಗ್ರೇಪ್‌ವೈನ್’ ಎಂಬ ಹಾಡನ್ನು ಗ್ಲ್ಯಾಡಿಸ್ ನೈಟ್ ಅವರ ತಂಡ ಹಾಡಿದ್ದು 1967ರಲ್ಲಿ ಬಂದಿತು, ಮಾರ್ವಿನ್ ಗೇ ಹಾಡಿದ್ದು 1968ರಲ್ಲಿ. ಆದರೆ ಗೇ ಅವರ ಮುದ್ರಣವೇ ಮೊದಲು ಆಗಿತ್ತು, ಕಂಪನಿ ಅದನ್ನು ತಡೆದಿಟ್ಟಿತ್ತು. ತಟ್ಟೆಯ ಮೇಲಿನ ಇಸವಿ ಹಾಡಿದ ಇಸವಿಯಾಗಿರಬೇಕಿಲ್ಲ ಎಂಬ ಎಚ್ಚರ ಇಂಥ ಹೋಲಿಕೆಯಿಂದಲೇ ಹುಟ್ಟುತ್ತದೆ.

ಕನ್ನಡದ ವಿದ್ವತ್ತಿಗೆ ಹೋಲಿಸಿ ನೋಡುವ ಕೆಲಸ ಹೊಸದಲ್ಲ. ಹಲವು ಓಲೆಗರಿಗಳ ಪಾಠಗಳನ್ನು ಎದುರುಬದುರು ಇಟ್ಟು ಕವಿಯ ಮೂಲಪಾಠಕ್ಕೆ ಆದಷ್ಟು ಹತ್ತಿರದ ರೂಪವನ್ನು ನಿರ್ಣಯಿಸುವ ಗ್ರಂಥಸಂಪಾದನಾ ಶಾಸ್ತ್ರವು ಪಂಪ, ರನ್ನ, ಕುಮಾರವ್ಯಾಸರನ್ನು ಇಂದಿನ ಓದುಗರಿಗೆ ಉಳಿಸಿಕೊಟ್ಟಿದೆ. ಅಲ್ಲಿ ಒಪ್ಪಿತವಾದ ಪಾಠ ಪುಟದ ಮೇಲ್ಭಾಗದಲ್ಲಿ ನಿಲ್ಲುತ್ತದೆ, ಉಳಿದ ಪಾಠಾಂತರಗಳು ಅಡಿಟಿಪ್ಪಣಿಗೆ ಇಳಿಯುತ್ತವೆ. ಬರೆಹಕ್ಕೆ ಒಪ್ಪುವ ಈ ಕ್ರಮವನ್ನು ಹಾಡಿಕೆಗೆ ಹಾಗೆಯೇ ಹೊಂದಿಸಿದರೆ ದೊಡ್ಡ ನಷ್ಟವಾಗುತ್ತದೆ. ಏಕೆಂದರೆ ಹಾಡಿಕೆಯಲ್ಲಿ ಪ್ರತಿಯೊಂದು ರೂಪವೂ ಒಂದು ಕಂಠದ, ಒಂದು ರಾತ್ರಿಯ, ಒಂದು ಊರಿನ ಪೂರ್ಣ ನಿರ್ಮಿತಿ. ಈ ಸೀಮೆಯ ಎರಡು ಪರಂಪರೆಗಳು, ದಾಸರ ಪದ ಮತ್ತು ವಾದ್ಯದೊಂದಿಗೆ ಕಥೆಯನ್ನು ಹಾಡಿ ಹೇಳುವ ಬುರ್ರಕಥೆ, ಈ ಮಾತಿಗೆ ಎರಡು ಬೇರೆ ದಿಕ್ಕುಗಳಿಂದ ಸಾಕ್ಷಿ ನುಡಿಯುತ್ತವೆ.

ಕೃಷ್ಣದೇವರಾಯನ ಕಾಲದ ವಿಜಯನಗರದಲ್ಲಿ ಬಾಳಿ, 1539ರಲ್ಲಿ ಕಾಲವಾಗಿ, ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಾದ ನವವೃಂದಾವನದಲ್ಲಿ ನೆಲೆಗೊಂಡ ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಪದವನ್ನು ತೆಗೆದುಕೊಳ್ಳಬಹುದು. ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ಅದನ್ನು ಸಾಮಾನ್ಯವಾಗಿ ಯಮುನಾಕಲ್ಯಾಣಿ ರಾಗದಲ್ಲಿ, ಮೂರು ಮತ್ತು ನಾಲ್ಕು ಎಣಿಕೆಗಳು ಕೂಡಿದ ಮಿಶ್ರಛಾಪು ತಾಳದಲ್ಲಿ, ನಿಧಾನಗತಿಯಲ್ಲಿ ಹಾಡುತ್ತಾರೆ. ಭರತನಾಟ್ಯದ ಟಿ. ಬಾಲಸರಸ್ವತಿ ಈ ಪದಕ್ಕೆ ಮಾಡುತ್ತಿದ್ದ ಅಭಿನಯ ಲೋಕಪ್ರಸಿದ್ಧವಾದದ್ದು. ಸತ್ಯಜಿತ್ ರಾಯ್ 1976ರಲ್ಲಿ ತೆಗೆದ ‘ಬಾಲಾ’ ಸಾಕ್ಷ್ಯಚಿತ್ರದಲ್ಲಿ ಅವರು ಸಮುದ್ರದ ದಂಡೆಯಲ್ಲಿ ಅದನ್ನು ಅಭಿನಯಿಸಿದ್ದಾರೆ. ಅಭಿನಯಕ್ಕೆ ಹಾಡುವಾಗ ಒಂದೇ ಸಾಲು ಮತ್ತೆ ಮತ್ತೆ ಬಂದು, ಪ್ರತಿ ಸಲವೂ ಬೇರೊಂದು ಭಾವಕ್ಕೆ ಎಡೆಮಾಡುವುದರಿಂದ, ತಾಯಿಯ ಕರೆಯಲ್ಲಿ ಮುದ್ದು, ಹುಸಿಮುನಿಸು, ಕಾತರ ಎಲ್ಲವೂ ಒಂದಾದ ಮೇಲೊಂದು ತೆರೆದುಕೊಳ್ಳುತ್ತವೆ. ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ‘ಕಲೋನಿಯಲ್ ಕಸಿನ್ಸ್’ ಎಂಬ ಹೆಸರಿನಲ್ಲಿ 1996ರಲ್ಲಿ ಇದೇ ಪಲ್ಲವಿಯನ್ನು ಗಿಟಾರಿನ ಜೊತೆಗೆ, ಇಂಗ್ಲಿಷ್ ಸಾಲುಗಳ ನಡುವೆ ಹಾಡಿದಾಗ ಮಗುವನ್ನು ಕರೆಯುವ ದನಿ ಕಲಹದ ಲೋಕಕ್ಕೆ ದೇವರನ್ನು ಕರೆಯುವ ದನಿಯಾಯಿತು. ಇನ್ನು ಭಜನಾ ಮಂಡಳಿಯಲ್ಲಿ ಮುಂದಾಳು ಹೇಳಿಕೊಟ್ಟ ಸಾಲನ್ನು ಉಳಿದವರು ತಾಳ, ಹಾರ್ಮೋನಿಯಮ್ಮಿನೊಂದಿಗೆ ಎತ್ತಿಕೊಂಡಾಗ ಕರೆಯುವವಳು ಒಬ್ಬಳೇ ತಾಯಿಯಾಗಿ ಉಳಿಯುವುದಿಲ್ಲ, ಕೇರಿಗೆ ಕೇರಿಯೇ ಕರೆಯುತ್ತದೆ.

ಈ ನಾಲ್ಕರಲ್ಲಿ ಯಾವುದು ಮೂಲಕ್ಕೆ ಹತ್ತಿರ ಎಂಬ ಪ್ರಶ್ನೆಗೆ ಉತ್ತರವಿರಲು ಸಾಧ್ಯವಿಲ್ಲ. ದಾಸರ ಪದಗಳ ಮಾತು ಓಲೆಗರಿ, ಬಾಯಿಪಾಠಗಳ ಮೂಲಕ ಇಳಿದು ಬಂದು, ಹರ್ಮನ್ ಮೋಗ್ಲಿಂಗ್ 1850ರಲ್ಲಿ ಮಂಗಳೂರಿನಲ್ಲಿ ಹೊರತಂದ ಸಂಗ್ರಹದಿಂದ ಮೊದಲ್ಗೊಂಡು ಅಚ್ಚಿನಲ್ಲಿ ನೆಲೆನಿಂತಿತು. ಧಾಟಿಗೆ ಆ ಭಾಗ್ಯವಿರಲಿಲ್ಲ. ಸ್ವರಲಿಪಿಯಿಲ್ಲದೆ ಬಂದ ಪದಗಳಿಗೆ ಈಗ ಕೇಳುವ ರಾಗಗಳು ಬಹುಮಟ್ಟಿಗೆ ಗುರುಶಿಷ್ಯರ ಬಳಿವಿಡಿಯಲ್ಲಿಯೂ ಇಪ್ಪತ್ತನೆಯ ಶತಮಾನದ ಕಛೇರಿ ಮತ್ತು ತಟ್ಟೆಗಳಲ್ಲಿಯೂ ಗಟ್ಟಿಯಾದವು. ಮುದ್ರಿತ ಪುಸ್ತಕದಲ್ಲಿ ಪದದ ತಲೆಯ ಮೇಲೆ ಒಂದು ರಾಗದ ಹೆಸರಿದ್ದು, ತಟ್ಟೆಯಲ್ಲಿ ಇನ್ನೊಂದು ರಾಗ ಕೇಳುವುದು ಇದರಿಂದಲೇ ಅಪರೂಪವಲ್ಲ. ಪುರಂದರದಾಸರು ಕೊನೆಯ ದಿನಗಳನ್ನು ಕಳೆದ ಹಂಪಿಯಲ್ಲಿ, ಅವರ ಹೆಸರಿನ ಮಂಟಪಕ್ಕೆ ಕೂಗಳತೆಯ ಊರುಗಳಲ್ಲಿ, ಮನೆಯ ಹೆಂಗಸರು ಹಬ್ಬಕ್ಕೆ, ಆರತಿಗೆ ಹಾಡುವ ಧಾಟಿಗಳು ಕಛೇರಿಯ ರಾಗಗಳಿಗೆ ಹೊಂದದಿದ್ದರೆ ಅವನ್ನು ತಪ್ಪೆಂದು ತಿದ್ದಿಸುವ ಕೆಲಸ ದಶಕಗಳಿಂದ ನಡೆದಿದೆ. ಆ ತಿದ್ದುಪಡಿಗೆ ಮುಂಚಿನ ಒಂದು ಕ್ಯಾಸೆಟ್ಟು ಯಾರ ಮನೆಯಲ್ಲಾದರೂ ಇದ್ದರೆ, ಹಿನ್ನೆಲೆಯಲ್ಲಿ ಪಾತ್ರೆಯ ಸದ್ದು, ಮಗುವಿನ ಅಳು ಎಲ್ಲ ಸೇರಿದ್ದರೂ, ಅದು ಹೆಸರಾಂತ ಗಾಯಕರ ಶುಚಿಯಾದ ತಟ್ಟೆಗಿಂತ ಹೆಚ್ಚು ಬೆಲೆಯುಳ್ಳದ್ದು ಎಂದು ಈ ಪತ್ರ ದೃಢವಾಗಿ ಹೇಳಬಯಸುತ್ತದೆ.

ದಾಸರ ಪದದಲ್ಲಿ ಮಾತು ನಿಂತು ಧಾಟಿ ಚಲಿಸಿದರೆ, ಬುರ್ರಕಥೆಯಲ್ಲಿ ಧಾಟಿಯ ಚೌಕಟ್ಟು ನಿಂತು ಮಾತು ಚಲಿಸುತ್ತದೆ. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮ ಈ ಕಲೆಯ ಮಹಾಪ್ರತಿಭೆ. ಸುಮಾರು 1930ರಲ್ಲಿ ಅಲೆಮಾರಿ ಬುಡ್ಗಜಂಗಮ ಸಮುದಾಯದಲ್ಲಿ ಹುಟ್ಟಿದ ಅವರು ಅಕ್ಷರ ಕಲಿತವರಲ್ಲ. ಆದರೂ 12 ಜನಪದ ಮಹಾಕಾವ್ಯಗಳನ್ನು ನೆನಪಿನಲ್ಲಿ ಹೊತ್ತು, ಸಹಗಾಯಕಿಯರೊಂದಿಗೆ ಊರೂರು ಸುತ್ತಿ ಹಾಡಿದರು. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ವಿದ್ವಾಂಸರು ಅವರಿಂದ ಹಾಡಿಸಿ, ಧ್ವನಿಮುದ್ರಿಸಿ, ಬರೆಹಕ್ಕಿಳಿಸಿದರು. ಆ ವಿಶ್ವವಿದ್ಯಾಲಯದ ನಾಡೋಜ ಗೌರವವೂ ಅವರಿಗೆ ಸಂದಿತು. 2014ರ ಆಗಸ್ಟ್ 12ರಂದು ಅವರು ತೀರಿಕೊಂಡಾಗ, ಮತ್ತೆ ಹಾಡಿಸಿ ಕೇಳುವ ಅವಕಾಶ ಮುಗಿದು, ಅದುವರೆಗಿನ ಟೇಪುಗಳಷ್ಟೇ ಉಳಿದವು.

ಅವರು ಹಾಡುತ್ತಿದ್ದ ಕಾವ್ಯಗಳಲ್ಲಿ ಕುಮಾರರಾಮನ ಕಾವ್ಯವು ಈ ಸೀಮೆಯ ಮಣ್ಣಿಗೇ ಸೇರಿದ್ದು. ಕಂಪ್ಲಿ, ಕುಮ್ಮಟದುರ್ಗಗಳನ್ನು ಆಳುತ್ತಿದ್ದ ಕಂಪಿಲರಾಯನ ಮಗ ಕುಮಾರರಾಮನನ್ನು ಮಲತಾಯಿ ರತ್ನಾಜಿ ಮೋಹಿಸುತ್ತಾಳೆ, ಅವನು ಒಪ್ಪದಿದ್ದಾಗ ಅವನ ಮೇಲೆಯೇ ಆಪಾದನೆ ಹೊರಿಸುತ್ತಾಳೆ, ತಂದೆ ಮಗನ ತಲೆ ತೆಗೆಯಲು ಆಜ್ಞಾಪಿಸುತ್ತಾನೆ, ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟು ಉಳಿಸುತ್ತಾನೆ, ಕೊನೆಗೆ ದೆಹಲಿಯ ಸೈನ್ಯದೆದುರು ಹೋರಾಡಿ ರಾಮ ಮಡಿಯುತ್ತಾನೆ. ಮಹಮ್ಮದ್ ಬಿನ್ ತುಘಲಕ್‌ನ ಸೈನ್ಯದಿಂದ 1327ರಲ್ಲಿ ಕಂಪಿಲಿ ರಾಜ್ಯ ನಾಶವಾದ ಚರಿತ್ರೆ ಈ ಕಥೆಯ ಬೆನ್ನಿಗಿದೆ. ಹದಿನಾರನೆಯ ಶತಮಾನದ ನಂಜುಂಡ ಕವಿಯೂ ಅವನ ನಂತರದ ಪಾಂಚಾಳ ಗಂಗನೂ ಇದನ್ನು ಸಾಂಗತ್ಯದಲ್ಲಿ, ಅಂದರೆ ಹಾಡಲು ಒದಗುವ ನಾಲ್ಕು ಸಾಲಿನ ಪದ್ಯಗಳಲ್ಲಿ, ಬರೆದರು. ಕಾವ್ಯದಲ್ಲಿ ಬರುವ ಹೊಸಮಲೆಯನ್ನು ಸಂಡೂರಿನ ಬೆಟ್ಟಸಾಲಿನ ರಾಮಗಡವೆಂದು ಗುರುತಿಸಲಾಗಿದೆ. ಕಥೆಯ ಊರನ್ನು ಕಣ್ಣೆದುರಿಗೆ ನೋಡುತ್ತ ಕಥೆಯನ್ನು ಕೇಳುವ ಭಾಗ್ಯ ಎಲ್ಲ ಕೇಳುಗರಿಗೂ ಸಿಗುವಂಥದಲ್ಲ.

ಬುರ್ರಕಥೆಯ ಮುದ್ರಿತ ಪುಸ್ತಕವನ್ನು ಕೈಯಲ್ಲಿ ಹಿಡಿದು ಟೇಪನ್ನು ಕೇಳಿದವರಿಗೆ ಪುಸ್ತಕ ಏನನ್ನು ಬಿಟ್ಟುಕೊಟ್ಟಿದೆ ಎಂಬುದು ಕೂಡಲೇ ತಿಳಿಯುತ್ತದೆ. ಮುಖ್ಯ ಗಾಯಕಿ ಸಾಲನ್ನು ಎಳೆದು ನಿಲ್ಲಿಸುವ ಜಾಗ, ಸಹಗಾಯಕಿಯರು ಹೂಂಗುಟ್ಟುವ, ಪಲ್ಲವಿಯನ್ನು ಎತ್ತಿಕೊಳ್ಳುವ ಹೊತ್ತು, ವಾದ್ಯದ ಪೆಟ್ಟು ಚುರುಕಾಗಿ ಯುದ್ಧ ಹತ್ತಿರವಾಯಿತೆಂದು ಸೂಚಿಸುವ ಬಗೆ, ಹಾಡು ಮಾತಾಗಿ ಮಾತು ಮತ್ತೆ ಹಾಡಾಗುವ ತಿರುವು ಇವು ಅಚ್ಚಿಗೆ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಪುಸ್ತಕದಲ್ಲಿರುವುದು ಒಂದು ಹಾಡಿಕೆ. ಕೇಳುಗರು ಯಾರು, ರಾತ್ರಿ ಎಷ್ಟು ಉಳಿದಿದೆ, ಊರಿನಲ್ಲಿ ಕನ್ನಡ ಹೆಚ್ಚೋ ತೆಲುಗು ಹೆಚ್ಚೋ ಎಂಬುದನ್ನೆಲ್ಲ ಅಳೆದು ಗಾಯಕಿ ಕಾವ್ಯವನ್ನು ಹಿಗ್ಗಿಸುತ್ತಾಳೆ, ಕುಗ್ಗಿಸುತ್ತಾಳೆ. ಆದ್ದರಿಂದ ಜಾತ್ರೆಯಲ್ಲಿಯೋ ಮನೆಯ ಅಂಗಳದಲ್ಲಿಯೋ ಖಾಸಗಿಯಾಗಿ ಯಾರೋ ಟೇಪಿಗೆ ಹಿಡಿದ ಅರ್ಧ ಗಂಟೆಯ ತುಣುಕು, ವಿಶ್ವವಿದ್ಯಾಲಯದ ಪೂರ್ಣ ಮುದ್ರಣ ಇದೆಯೆಂಬ ಕಾರಣಕ್ಕೆ ವ್ಯರ್ಥವಾಗುವುದಿಲ್ಲ. ಆ ತುಣುಕನ್ನು ಪೂರ್ಣ ಮುದ್ರಣದ ಅದೇ ಭಾಗದ ಪಕ್ಕದಲ್ಲಿಟ್ಟಾಗಲೇ ಕೇಳಬೇಕಾದ ಪ್ರಶ್ನೆಗಳು ಏಳುತ್ತವೆ: ರತ್ನಾಜಿಯ ಪ್ರಸಂಗದಲ್ಲಿ ಗಾಯಕಿಯ ದನಿ ಅವಳನ್ನು ಬರಿಯ ದುಷ್ಟೆಯಾಗಿಸುತ್ತದೆಯೋ, ಮುದುಕನ ಕೈಹಿಡಿದ ಎಳೆಯ ಹೆಣ್ಣಿನ ಸಂಕಟಕ್ಕೂ ಎರಡು ಸಾಲು ಕೊಡುತ್ತದೆಯೋ; ತಂದೆಯ ಆಜ್ಞೆಯ ಬಳಿಕ ವಾದ್ಯ ನಿಲ್ಲುತ್ತದೆಯೋ ಮುಂದುವರಿಯುತ್ತದೆಯೋ; ಹಾಡಿದ ಊರಿನ ಸುತ್ತಣ ಕೆರೆ, ಗುಡ್ಡ, ದೇವರುಗಳ ಹೆಸರು ಕಾವ್ಯದೊಳಗೆ ಬಂದು ಕೂಡಿಕೊಂಡಿವೆಯೋ. ಸಾಂಗತ್ಯ ಕವಿಗಳ ಪಾಠವನ್ನು ಮೂರನೆಯದಾಗಿ ಸೇರಿಸಿಕೊಂಡರೆ ಸುಮಾರು ಏಳು ನೂರು ವರ್ಷಗಳ ಹಿಂದಿನ ಒಂದು ಸೋಲನ್ನು ಈ ನೆಲದ ಜನ ಯಾವ ಯಾವ ಬಗೆಯಲ್ಲಿ ನೆನಪಿಟ್ಟರೆಂಬ ಚರಿತ್ರೆಯೇ ಕೈಗೆ ಬರುತ್ತದೆ.

ಹೀಗೆ ಕೇಳುವ ವಿಧಾನಕ್ಕೆ ವಿದ್ವತ್ತಿನ ಬೆಂಬಲವೂ ಇದೆ. ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ವಿದ್ವಾಂಸ 1933–35ರಲ್ಲಿ ಯುಗೋಸ್ಲಾವಿಯದ ಕಾವ್ಯಗಾಯಕರನ್ನು ಅಲ್ಯೂಮಿನಿಯಂ ತಟ್ಟೆಗಳಿಗೆ ಮುದ್ರಿಸಿಕೊಂಡಾಗ ಒಬ್ಬನೇ ಗಾಯಕನಿಂದ ಒಂದೇ ಹಾಡನ್ನು ಮತ್ತೆ ಹಾಡಿಸಿದನು. ಅವನ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರ ತನ್ನ ಗ್ರಂಥದಲ್ಲಿ, ಅಕ್ಷರವಿಲ್ಲದ ಗಾಯಕನು ಕಾವ್ಯವನ್ನು ಉರುಹೊಡೆದು ಒಪ್ಪಿಸುವುದಿಲ್ಲ, ಸಿದ್ಧ ನುಡಿಗಟ್ಟುಗಳ ನೆರವಿನಿಂದ ಪ್ರತಿ ಸಲವೂ ಹೊಸದಾಗಿ ಕಟ್ಟುತ್ತಾನೆ ಎಂಬುದನ್ನು ಆ ಹೋಲಿಕೆಗಳಿಂದ ತೋರಿಸಿಕೊಟ್ಟನು. ಕರ್ನಾಟಕಕ್ಕೇ ಸಂಬಂಧಿಸಿದ ಇನ್ನೊಂದು ಪ್ರಯತ್ನವಿದೆ. ಡಚ್ ವಿದ್ವಾಂಸ ಆರ್ನಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ಮಾಡಿದ ಮುದ್ರಣಗಳನ್ನು ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ 1984ರಲ್ಲಿ ಮತ್ತೆ ತಮಿಳುನಾಡು, ಕೇರಳ, ಕರ್ನಾಟಕಗಳ ಆಯಾ ಸ್ಥಳಗಳಿಗೆ ಕೊಂಡೊಯ್ದು, ನಡುವಣ ಕಾಲದಲ್ಲಿ ಏನು ಉಳಿಯಿತು, ಏನು ಬದಲಾಯಿತು ಎಂದು ಕೇಳಿ ದಾಖಲಿಸಿದರು. ಮುದ್ರಣವನ್ನು ಹಾಡಿದ ಊರಿಗೇ ಮರಳಿ ಒಯ್ಯುವ ಈ ಕೆಲಸಕ್ಕೆ ದರೋಜಿಗಿಂತ, ಕಂಪ್ಲಿಗಿಂತ ತಕ್ಕ ಜಾಗ ಕಡಿಮೆ.

ಹೋಲಿಕೆಯಲ್ಲಿ ಮೋಸಹೋಗುವ ಸಂದರ್ಭಗಳನ್ನೂ ಅರಿತಿರಬೇಕು. 78 ಸುತ್ತಿನ ತಟ್ಟೆಗಳೆಂದು ಕರೆದರೂ ಆರಂಭ ಕಾಲದ ತಟ್ಟೆಗಳ ವೇಗ ಒಂದೇ ಆಗಿರಲಿಲ್ಲ; ತಪ್ಪು ವೇಗದಲ್ಲಿ ತಿರುಗಿಸಿದರೆ ಶ್ರುತಿ ಏರಿ, ಕಂಠ ಎಳೆಯದಾಗಿ, ಗಾಯಕಿಯ ಬಗ್ಗೆಯೇ ತಪ್ಪು ತೀರ್ಮಾನವಾಗುತ್ತದೆ. ಹತ್ತು ಅಂಗುಲದ ತಟ್ಟೆಯ ಒಂದು ಮುಖಕ್ಕೆ ಮೂರು ನಿಮಿಷಗಳಷ್ಟೇ ಸಿಗುತ್ತಿದ್ದುದರಿಂದ ಅಲ್ಲಿನ ಅವಸರ ಗಾಯಕರ ಮನೋಧರ್ಮವಲ್ಲ, ಅರಗಿನ ತಟ್ಟೆಯ ಮಿತಿ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿ ಮುದ್ರಿಸಿದ, 1928ರಲ್ಲಿ ಮೈಸೂರು ಅರಮನೆಗೆ ಬಂದು 1930ರಲ್ಲಿ ಅಲ್ಲಿಯೇ ಕೊನೆಯುಸಿರೆಳೆದ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದುದು ಜರ್ಮನಿಯ ಹ್ಯಾನೋವರ್ ಕಾರ್ಖಾನೆಯಲ್ಲಿ ತಟ್ಟೆ ಒತ್ತುವವರಿಗೆ ಗುರುತಾಗಲೆಂದು. ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳ ಮೇಲೆ ಗಾಂಧಾರಿ ಎಂಬ ಹೆಸರಿರುವುದರಿಂದ, ತಿಳಿಯದವರು ಇಬ್ಬರು ಗಾಯಕಿಯರೆಂದುಕೊಳ್ಳುವ ಸಂಭವವಿದೆ. ಲೇಬಲ್ಲಿನ ಸುತ್ತಣ ಖಾಲಿ ಜಾಗದಲ್ಲಿ ಕೊರೆದಿರುವ ಮ್ಯಾಟ್ರಿಕ್ಸ್ ಸಂಖ್ಯೆ, ಅಂದರೆ ಮೂಲ ಅಚ್ಚಿನ ಗುರುತುಸಂಖ್ಯೆ, ಲೇಬಲ್ಲಿಗಿಂತ ಹೆಚ್ಚು ನಂಬತಕ್ಕದ್ದು. ಒಂದೇ ಹಾಡನ್ನು ಎರಡು ಬಾರಿ ಹಾಡಿಸಿ ಮುದ್ರಿಸಿದ್ದರೆ ಅದು ಹೆಚ್ಚಾಗಿ ತಿಳಿಯುವುದು ಅಲ್ಲಿಯೇ.

ಕಂಪನಿ ನಾಟಕದ ರಂಗಗೀತೆಗಳ ವಿಷಯದಲ್ಲಿ ತಟ್ಟೆ ಇನ್ನೂ ಹೆಚ್ಚನ್ನು ಕಳೆದುಕೊಂಡಿದೆ. ಬಳ್ಳಾರಿ ರಂಗಭೂಮಿಯ ಸುಭದ್ರಮ್ಮ ಮನ್ಸೂರು ಅಂಥವರು ಹಾಡುವಾಗ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದರೆ ಅದೇ ಗೀತೆ ಬೇರೆ ಆಲಾಪ, ಬೇರೆ ತಿರುವಿನೊಂದಿಗೆ ಮರಳಿ ಬರುತ್ತಿತ್ತು. ಆ ಎರಡನೆಯ, ಮೂರನೆಯ ಹಾಡಿಕೆ ಉಳಿದಿದ್ದರೆ ಯಾರೋ ಸಭೆಯಲ್ಲಿ ಕುಳಿತು ಒತ್ತಿದ ಟೇಪ್ ರೆಕಾರ್ಡರಿನಲ್ಲಿ ಮಾತ್ರ. ಸುಶೀಲಾನಗರದ ತಾಂಡಾದ ಲಂಬಾಣಿ ಹೆಂಗಸರ ಹಾಡುಗಳ ಕ್ಯಾಸೆಟ್ಟುಗಳನ್ನೂ ಇದೇ ಆದರದಿಂದ ಕಾಣಬೇಕಾಗಿದೆ.

ಇಲ್ಲಿ ನೋವಿನ ಒಂದು ಮಾತನ್ನು ಆಡಲೇಬೇಕು. ವಿಗನ್ನಿನಲ್ಲಿ ಲೇಬಲ್ಲಿನ ಮೇಲೆ ಕಾಗದ ಅಂಟಿಸಿ ಗಾಯಕರ ಹೆಸರನ್ನು ಮುಚ್ಚಿದರು. ಈ ಸೀಮೆಯಲ್ಲಿ ಯಾರೂ ಏನನ್ನೂ ಅಂಟಿಸದೆಯೇ ಹೆಸರುಗಳು ಮುಚ್ಚಿಹೋಗಿವೆ. ಕಛೇರಿಯ ಕ್ಯಾಸೆಟ್ಟಿನ ಮೇಲೆ ಗಾಯಕರು, ಪಿಟೀಲು, ಮೃದಂಗ, ತಂಬೂರಿಯವರವರೆಗೆ ಹೆಸರುಗಳಿದ್ದರೆ, ಅಲೆಮಾರಿ ಗಾಯಕಿಯ, ತಾಂಡಾದ ಅಜ್ಜಿಯ ಕ್ಯಾಸೆಟ್ಟಿನ ಮೇಲೆ ‘ಜಾನಪದ ಗೀತೆ’ ಎಂಬ ಎರಡೇ ಶಬ್ದಗಳಿರುತ್ತವೆ. ಹಾಡಿದವರನ್ನು ಬಲ್ಲ ಹಿರಿಯರು ಇನ್ನೂ ಇರುವಾಗಲೇ ಟೇಪನ್ನು ಅವರಿಗೆ ಕೇಳಿಸಿ, ದನಿಯನ್ನು ಗುರುತಿಸಿ, ಹೆಸರು, ಊರು, ಯಾವ ಸಂದರ್ಭ, ಸರಿಸುಮಾರು ಯಾವ ವರ್ಷ ಎಂಬುದನ್ನು ಬರೆದಿಡುವುದು ಸಂಗ್ರಾಹಕರ ಮೊದಲ ಋಣಸಂದಾಯ. ಪ್ರತಿ ತೆಗೆದು ಹಂಚುವ ಮುನ್ನ ಗಾಯಕರ ಅಥವಾ ಅವರ ಮನೆಯವರ ಒಪ್ಪಿಗೆ ಪಡೆಯಬೇಕು, ಹಣ ಬಂದರೆ ಪಾಲು ಸಲ್ಲಬೇಕು. ಕಂಪನಿಗಳು ಹೊರತಂದ ತಟ್ಟೆಗಳ ಮಟ್ಟಿಗೆ, ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ.

ಈ ಪತ್ರದ ಬೇಡಿಕೆ ದೊಡ್ಡದಲ್ಲ. ಯಾರೂ ತಮ್ಮ ತಟ್ಟೆಯನ್ನಾಗಲಿ ಕ್ಯಾಸೆಟ್ಟನ್ನಾಗಲಿ ಬಿಟ್ಟುಕೊಡಬೇಕಾಗಿಲ್ಲ. ಪ್ರತಿ ಹಾಡಿಗೆ ಒಂದು ಪುಟದಂತೆ ಒಂದು ಸಮಾನ ಪಟ್ಟಿಯನ್ನು ತೆರೆದು, ಯಾರ ಬಳಿ ಯಾವ ಹಾಡಿಕೆ ಇದೆಯೆಂದು ಬರೆಯುತ್ತ ಹೋದರೆ ಸಾಕು. ವ್ಯಾಸರಾಯರ ಪದ ಮತ್ತು ಕುಮಾರರಾಮನ ಕಾವ್ಯದ ರತ್ನಾಜಿಯ ಪ್ರಸಂಗ ಈ ಎರಡು ಪುಟಗಳಿಂದ ಆರಂಭಿಸಬಹುದು. ಪ್ರತಿಗಳನ್ನು ಕನ್ನಡ ವಿಶ್ವವಿದ್ಯಾಲಯದಲ್ಲಿಯೋ, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿಯೋ ಇರಿಸಲು ಕೇಳಿಕೊಳ್ಳಬಹುದು.

ಅಲ್ಲಿಯವರೆಗೆ, ಅರಗಿನ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡುವುದು, ಸ್ಪಿರಿಟ್ಟಿನಿಂದ ಒರೆಸದಿರುವುದು, ಏಕೆಂದರೆ ಅರಗು ಅದರಲ್ಲಿ ಕರಗುತ್ತದೆ, ಮತ್ತು ಎಲ್.ಪಿ. ತಟ್ಟೆಯ ಸಣ್ಣ ಮುಳ್ಳನ್ನು 78ರ ಅಗಲ ಗೆರೆಗೆ ಹಚ್ಚದಿರುವುದು ಅಗತ್ಯ. ಕ್ಯಾಸೆಟ್ಟುಗಳ ಮೇಲೆ ಅದಿರಿನ ಕೆಂಪು ಧೂಳು ಕೂರದಂತೆ ಡಬ್ಬಿಯಲ್ಲಿ ಮುಚ್ಚಿಟ್ಟು, ಮಳೆಗಾಲಕ್ಕೆ ಮುಂಚೆ ತೆಗೆದು ಬೂಷ್ಟು ಹಿಡಿದಿದೆಯೇ ಎಂದು ನೋಡಿ, ಹಿಂಬದಿಯ ಎರಡು ಮೂಲೆಗಳಲ್ಲಿರುವ ಪ್ಲಾಸ್ಟಿಕ್ ಚೂರುಗಳನ್ನು ಇಂದೇ ಮುರಿದುಬಿಡಬೇಕು. ಹಾಗೆ ಮಾಡಿದರೆ ಅದರ ಮೇಲೆ ಬೇರೊಂದು ಹಾಡನ್ನು ಯಾರೂ ತಿಳಿಯದೆ ಮುದ್ರಿಸಲಾರರು.

ಗೌರವಾದರಗಳೊಂದಿಗೆ,
ಸಂಡೂರಿನ ಕೇಳುಗರೊಬ್ಬರು